ಮಾದರಿಯ ಮಳೆ, ಮಾಪಕದ ಮಳೆ

ಆಗುಂಬೆಯಿಂದ ಚಿತ್ರದುರ್ಗಕ್ಕೆ ನೇರ ಗೆರೆ ಎಳೆದರೆ ಸುಮಾರು 165 ಕಿಲೋಮೀಟರ್. ಗೆರೆಯ ಒಂದು ತುದಿಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಇನ್ನೊಂದು ತುದಿಗೆ ಸಿಗುವುದು ಅದರ ಹತ್ತನೇ ಒಂದು ಪಾಲಿನಷ್ಟು. ನಡುವೆ ಇರುವುದು ಘಟ್ಟದ ಏರು, ಮಲೆನಾಡಿನ ಕಾಡು, ಆಮೇಲೆ ಮೆಲ್ಲಗೆ ಒಣಗುತ್ತಾ ಹೋಗುವ ಬಯಲು. ಮಳೆಯನ್ನು ಲೆಕ್ಕ ಹಾಕಿ ಹೇಳುತ್ತೇನೆ ಎನ್ನುವ ಯಾವ ಕಂಪ್ಯೂಟರ್ ಮಾದರಿಯನ್ನಾದರೂ ಈ ಗೆರೆಯ ಮೇಲೆ ತಂದು ನಿಲ್ಲಿಸಿ ನೋಡಬೇಕು. ಅದರ ಬಲವೂ ದೌರ್ಬಲ್ಯವೂ ಇಲ್ಲಿ ಬಯಲಾಗುವಷ್ಟು ಚೆನ್ನಾಗಿ ಸಮತಟ್ಟಾದ ನೆಲದಲ್ಲಿ ಬಯಲಾಗುವುದಿಲ್ಲ.

ವಾಯುಗುಣ ಮಾದರಿ ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತದೆ. ಪ್ರತಿ ಚೌಕಕ್ಕೂ ಒಂದು ಉಷ್ಣಾಂಶ, ಒಂದು ಗಾಳಿ, ಒಂದು ಮಳೆ. ಇಡೀ ಜಗತ್ತಿನ ಮಾದರಿಗಳಲ್ಲಿ ಚೌಕದ ಬದಿ ಸಾಮಾನ್ಯವಾಗಿ ನೂರು ಕಿಲೋಮೀಟರಿನ ಆಸುಪಾಸು ಇರುತ್ತದೆ. ಅಷ್ಟು ದಪ್ಪ ಜರಡಿಯಲ್ಲಿ ಘಟ್ಟ ನಿಲ್ಲುವುದೇ ಇಲ್ಲ. ಅದಕ್ಕಾಗಿ ಹುಟ್ಟಿಕೊಂಡದ್ದು ಪ್ರಾದೇಶಿಕ ಮಾದರಿ. ದಕ್ಷಿಣ ಏಷ್ಯಾದಂಥ ಒಂದು ತುಂಡನ್ನು ಮಾತ್ರ ತೆಗೆದುಕೊಂಡು, ಅದರ ಅಂಚಿನಲ್ಲಿ ಒಳಬರುವ ಗಾಳಿ ಮತ್ತು ತೇವವನ್ನು ದೊಡ್ಡ ಮಾದರಿಯಿಂದ ಪಡೆದು, ಒಳಗಿನ ಲೆಕ್ಕವನ್ನು ಸಣ್ಣ ಚೌಕಗಳಲ್ಲಿ ಮಾಡುತ್ತದೆ. ವಿಶ್ವ ವಾಯುಗುಣ ಸಂಶೋಧನಾ ಕಾರ್ಯಕ್ರಮ 2009ರಲ್ಲಿ ಆರಂಭಿಸಿದ ಕಾರ್ಡೆಕ್ಸ್ ಯೋಜನೆ ಇಂಥ ಮಾದರಿಗಳನ್ನು ಒಂದೇ ನಿಯಮಕ್ಕೆ ತಂದಿತು. ನಮ್ಮ ಭಾಗದ ಕೆಲಸವನ್ನು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ನೋಡಿಕೊಂಡಿತು. ಅಲ್ಲಿ ಚೌಕದ ಬದಿ ಮೊದಲಿಗೆ 50 ಕಿಲೋಮೀಟರ್.

ಐವತ್ತು ಎಂದರೆ ಆಗುಂಬೆ–ಚಿತ್ರದುರ್ಗದ ನಡುವೆ ಮೂರು ನಾಲ್ಕು ಚೌಕ. ಕರಾವಳಿಯ ತೆಂಗಿನ ತೋಟ, ಘಟ್ಟದ ನೆತ್ತಿ, ತೀರ್ಥಹಳ್ಳಿಯ ಅಡಿಕೆ ತೋಟ ಎಲ್ಲ ಒಂದೇ ಚೌಕದೊಳಗೆ ಬಿದ್ದು, ಅವುಗಳ ಎತ್ತರದ ಸರಾಸರಿಯೇ ಆ ಚೌಕದ ಎತ್ತರವಾಗುತ್ತದೆ. ಗೋಡೆಯಂತೆ ಎದ್ದು ನಿಂತ ಘಟ್ಟ ಮಾದರಿಯೊಳಗೆ ಇಳಿಜಾರು ದಿಬ್ಬವಾಗುತ್ತದೆ. ಅರಬ್ಬಿ ಸಮುದ್ರದಿಂದ ಬರುವ ಗಾಳಿ ದಿಬ್ಬವನ್ನು ಆರಾಮವಾಗಿ ಹತ್ತಿ ಇಳಿಯುತ್ತದೆ. ಘಟ್ಟದ ಮೇಲೆ ಸುರಿಯಬೇಕಾದ ಮಳೆ ಕಡಿಮೆಯಾಗುತ್ತದೆ, ಮಳೆನೆರಳಿನ ಊರುಗಳಿಗೆ ಇಲ್ಲದ ಮಳೆ ಸಿಗುತ್ತದೆ. ಚೌಕ ಸಣ್ಣದಾದಂತೆ ಈ ತಪ್ಪು ಕಡಿಮೆಯಾಗುವುದು ನಿಜ. ಆದರೆ ಸಣ್ಣ ಚೌಕವೇ ಸರಿಯಾದ ಉತ್ತರ ಎಂದು ನಂಬಿಬಿಡುವುದು ಅವಸರ. ಎಷ್ಟು ಸರಿ ಎಂದು ತಿಳಿಯಲು ಅಳತೆ ಬೇಕು. ಅಳತೆಯ ಕಥೆ ಮಾದರಿಯ ಕಥೆಗಿಂತ ಸರಳವೇನಲ್ಲ.

ಹವಾಮಾನ ಇಲಾಖೆಯ ಸಾಧಾರಣ ಮಳೆಮಾಪಕವನ್ನು ನೀವು ತಾಲ್ಲೂಕು ಕಚೇರಿಯ ಆವರಣದಲ್ಲೋ ಪ್ರವಾಸಿ ಮಂದಿರದ ಅಂಗಳದಲ್ಲೋ ನೋಡಿರಬಹುದು. ಮೇಲೆ ಲಾಳಿಕೆಯಂಥ ಬಾಯಿ, ಒಳಗೆ ಒಂದು ಸೀಸೆ. ಬಾಯಿಯ ಅಂಚು ನೆಲದಿಂದ 30 ಸೆಂಟಿಮೀಟರ್ ಎತ್ತರ. ದಿನವೂ ಬೆಳಗ್ಗೆ ಎಂಟೂವರೆಗೆ ಒಬ್ಬರು ಬಂದು ಸೀಸೆಯ ನೀರನ್ನು ಅಳತೆಯ ಗಾಜಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು, ಗೆರೆ ನೋಡಿ, ಪುಸ್ತಕದಲ್ಲಿ ಬರೆಯುತ್ತಾರೆ. ಹಬ್ಬವಿರಲಿ, ಕೊಡೆ ಹಾರಿಹೋಗುವ ಗಾಳಿಯಿರಲಿ, ಎಂಟೂವರೆ ಎಂದರೆ ಎಂಟೂವರೆ. ವಾಯುಗುಣದ ಬಗ್ಗೆ ನಾವು ಇಂದು ಧೈರ್ಯದಿಂದ ಆಡುವ ಮಾತುಗಳೆಲ್ಲ ಹೀಗೆ ನೂರು ವರ್ಷ ತಪ್ಪದೆ ಗಾಜು ಹಿಡಿದವರ ಮೇಲೆ ನಿಂತಿವೆ.

ಆ ಎಂಟೂವರೆಯಲ್ಲೇ ಒಂದು ತೊಡಕಿದೆ. ಜುಲೈ 14ರ ರಾತ್ರಿ ಹತ್ತಕ್ಕೆ ಜಡಿಮಳೆ ಬಂತು ಎನ್ನಿ. ಅದನ್ನು ಅಳೆಯುವುದು ಮರುದಿನ ಬೆಳಗ್ಗೆ, ಬರೆಯುವುದು ಜುಲೈ 15ರ ಲೆಕ್ಕಕ್ಕೆ. ಮಾದರಿಯ ದಿನ ಗ್ರೀನಿಚ್ ನಡುರಾತ್ರಿಗೆ, ಅಂದರೆ ನಮ್ಮ ಬೆಳಗಿನ ಐದೂವರೆಗೆ ಶುರುವಾಗುತ್ತದೆ. ಅದೇ ಮಳೆಯನ್ನು ಮಾದರಿ ನಿಖರವಾಗಿ ಅದೇ ಗಂಟೆಗೆ ಸುರಿಸಿದ್ದರೂ ಅದು ಜುಲೈ 14ಕ್ಕೆ ಜಮೆಯಾಗುತ್ತದೆ. ಎರಡು ಕಡತಗಳನ್ನು ತಾರೀಖು ನೋಡಿ ಪಕ್ಕಪಕ್ಕ ಇಟ್ಟವರಿಗೆ ಮಾದರಿ ಒಂದು ದಿನ ತಪ್ಪಿದಂತೆ ಕಾಣುತ್ತದೆ. ತಪ್ಪಿದ್ದು ಮಾದರಿಯಲ್ಲ, ಹೋಲಿಸಿದ ಕೈ. ಗಂಟೆಗಳನ್ನು ಸರಿಹೊಂದಿಸದೆ ಮಾಡಿದ ದಿನವಹಿ ಹೋಲಿಕೆಗೆ ನನ್ನ ಮಟ್ಟಿಗೆ ಬೆಲೆಯಿಲ್ಲ.

ಇನ್ನೊಂದು ತೊಡಕು ಜಾಗದ್ದು. ಮಾಪಕ ಅಳೆಯುವುದು ಅಂಗೈಯಗಲದ ಮಳೆಯನ್ನು, ಮಾದರಿ ಹೇಳುವುದು 2,500 ಚದರ ಕಿಲೋಮೀಟರಿನ ಸರಾಸರಿಯನ್ನು. ಆದ್ದರಿಂದ ಮಾಪಕಗಳ ಅಂಕಿಗಳನ್ನು ಮೊದಲು ಚೌಕಗಳಿಗೆ ಹರಡಿಕೊಳ್ಳಬೇಕು. ಹವಾಮಾನ ಇಲಾಖೆ 6,955 ಕೇಂದ್ರಗಳ ದಾಖಲೆಯಿಂದ 1901ರಿಂದೀಚಿನ ದಿನವಹಿ ಮಳೆಯ ಚೌಕಪಟವನ್ನು ಮಾಡಿದೆ. ಸುಮಾರು 27 ಕಿಲೋಮೀಟರ್ ಬದಿಯ ಚೌಕಗಳು. ದೇಶಕ್ಕೆ ಸಿಕ್ಕ ದೊಡ್ಡ ಆಸ್ತಿ. ಆದರೆ ಮಾಪಕ ಇಲ್ಲದ ಚೌಕವನ್ನು ನೆರೆಯ ಮಾಪಕಗಳಿಂದ ಅಂದಾಜಿಸಿ ತುಂಬಿರುತ್ತಾರೆ. ಮಾಪಕಗಳಿರುವುದು ಜನ ಇರುವಲ್ಲಿ, ರಸ್ತೆ ತಲುಪುವಲ್ಲಿ. ಜಡಿಮಳೆಯ ಶೋಲಾ ಕಾಡಿನ ನೆತ್ತಿಯ ಮೇಲೆ ಗಾಜು ಹಿಡಿಯುವವರು ಯಾರು? ಅಂಥ ಕಡೆ ಮಾದರಿ ಹೆಚ್ಚು ಮಳೆ ತೋರಿಸಿದರೆ, ಮಾದರಿ ತಪ್ಪೋ ಚೌಕಪಟ ತಪ್ಪೋ ಎಂದು ಎರಡು ಸಲ ಯೋಚಿಸಬೇಕು. ಕಾಂಗೋ ನದೀಬಯಲಿನಲ್ಲಿ ಸ್ಥಿತಿ ಇನ್ನೂ ಕಷ್ಟ. ಮಾಪಕಗಳು ಅಷ್ಟು ವಿರಳವಾಗಿರುವುದರಿಂದ ಉಪಗ್ರಹಗಳನ್ನೇ ನೆಚ್ಚಬೇಕು. ಒಂದು ಉಪಗ್ರಹ ದಾಖಲೆ ಇನ್ನೊಂದನ್ನು ಒಪ್ಪುವುದಿಲ್ಲ. ಅಳತೆಗೋಲುಗಳೇ ಜಗಳವಾಡುವಾಗ ಮಾದರಿಗೆ ಅಂಕ ಕೊಡುವುದು ಹೇಗೆ?

ಪರೀಕ್ಷೆ ನಡೆಯುವುದು ಎರಡು ಹಂತದಲ್ಲಿ. ಮೊದಲು ಮಾದರಿಯ ಅಂಚಿಗೆ ನಿಜವಾಗಿ ಆಗಿಹೋದ ವರ್ಷಗಳ ವಾತಾವರಣವನ್ನೇ ಕೊಡುತ್ತಾರೆ. ಬಲೂನು, ಹಡಗು, ಉಪಗ್ರಹಗಳ ಅಳತೆಗಳನ್ನೆಲ್ಲ ಕೂಡಿಸಿ ಮಾಡಿದ ಮರುವಿಶ್ಲೇಷಣೆ ಎಂಬ ದಾಖಲೆ ಅದಕ್ಕೆ ಒದಗುತ್ತದೆ. ಇಲ್ಲಿ 2009ರ ಬರಗಾಲ 2009ರಲ್ಲೇ ಕಾಣಬೇಕೆಂದು ಕೇಳುವುದು ನ್ಯಾಯ. ಆ ವರ್ಷ ದೇಶದ ಮುಂಗಾರು ಸುಮಾರು ಶೇ. 22ರಷ್ಟು ಕೈಕೊಟ್ಟಿತ್ತು. ಎರಡನೇ ಹಂತದಲ್ಲಿ ಅಂಚಿಗೆ ಕೊಡುವುದು ಜಾಗತಿಕ ಮಾದರಿಯ ವಾತಾವರಣ. ಅದು ತನ್ನದೇ ಕಾಲಗಣನೆಯಲ್ಲಿ ಓಡುತ್ತದೆ, ಅದರ ಬರಗಾಲ ಬೇರೆ ಯಾವುದೋ ವರ್ಷ ಬರಬಹುದು. ಮೂವತ್ತು ವರ್ಷದಲ್ಲಿ ಬರ ಎಷ್ಟು ಸಲ ಬಂತು, ಎಷ್ಟು ತೀವ್ರವಾಗಿತ್ತು ಎಂದು ಕೇಳಬಹುದು. ಯಾವ ವರ್ಷ ಎಂದು ಕೇಳುವಂತಿಲ್ಲ. ಈ ಭೇದ ತಿಳಿಯದೆ ‘ಮಾದರಿ ಆ ವರ್ಷದ ಬರ ಹೇಳಲಿಲ್ಲ’ ಎಂದು ದೂರುವವರನ್ನು ಕಂಡಾಗ ಬೇಸರವಾಗುತ್ತದೆ.

ಸರಾಸರಿ ಹೊಂದಿಬಿಟ್ಟರೆ ಪರೀಕ್ಷೆ ಪಾಸಾದಂತೆಯೇ? ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಪ್ರಶ್ನೆ ಇದು. ಜೂನ್ ತಿಂಗಳಲ್ಲಿ ಒಂದೂರಿಗೆ 300 ಮಿಲಿಮೀಟರ್ ಮಳೆ ಎಂದಿಟ್ಟುಕೊಳ್ಳಿ. ಒಂದು ದಿನ 120, ಎರಡು ದಿನ ಅರವತ್ತರಂತೆ, ನಾಲ್ಕು ದಿನ ಹದಿನೈದರಂತೆ, ಉಳಿದ 23 ದಿನ ಬಿಸಿಲು. ಮಾದರಿಯಲ್ಲಿ ಮೂವತ್ತು ದಿನವೂ ಹತ್ತು ಹತ್ತು ಮಿಲಿಮೀಟರ್. ಮೊತ್ತ ಒಂದೇ, ಅಂಕಪಟ್ಟಿಯಲ್ಲಿ ನೂರಕ್ಕೆ ನೂರು. ಆದರೆ ಮೊದಲನೆಯ ಊರಿನಲ್ಲಿ ಕೆರೆ ಕೋಡಿ ಬಿದ್ದಿದೆ, ಆಮೇಲೆ ಮೊಳಕೆ ಬಾಡಿದೆ. ಎರಡನೆಯ ಊರಿನಲ್ಲಿ ಹೊಲ ಹಸಿರಾಗಿದೆ, ಕೆರೆಗೆ ಹನಿ ನೀರು ಬಂದಿಲ್ಲ. ಉಷ್ಣವಲಯದಲ್ಲಿ ಹಲವು ಮಾದರಿಗಳ ದೀರ್ಘಕಾಲದ ಕಾಯಿಲೆಯೇ ಇದು: ಬೇಕಿಲ್ಲದಷ್ಟು ದಿನ ಸೋನೆ, ಬೇಕಾದಾಗ ಇಲ್ಲದ ಜಡಿಮಳೆ.

ಕಾರಣ ಮೋಡದ ಗಾತ್ರದಲ್ಲಿದೆ. ಯೂರೋಪಿನ ಚಳಿಗಾಲದ ಮಳೆ ನೂರಾರು ಕಿಲೋಮೀಟರ್ ಹಬ್ಬಿದ ಮೋಡದ ಪಟ್ಟಿಯಿಂದ ಬರುತ್ತದೆ, ದೊಡ್ಡ ಚೌಕಕ್ಕೂ ಅದು ಸಿಕ್ಕುತ್ತದೆ. ನಮ್ಮ ಗುಡುಗಿನ ಮೋಡ ಕೆಲವೇ ಕಿಲೋಮೀಟರ್ ಅಗಲ. ಚೌಕದೊಳಗೆ ಅದು ಕಾಣದೇ ಹೋಗುವುದರಿಂದ ಮಾದರಿ ಒಂದು ಸೂತ್ರದ ಮೂಲಕ ಅದರ ಕೆಲಸವನ್ನು ಅಂದಾಜಿಸುತ್ತದೆ. ಸೂತ್ರಕ್ಕೆ ತಾಳ್ಮೆ ಕಡಿಮೆ. ನೆಲ ಕಾದ ಕೂಡಲೇ ಮಳೆ ಸುರಿಸಿಬಿಡುತ್ತದೆ. ಹೀಗಾಗಿ ಸಂಜೆ ಬರಬೇಕಾದ ಮಳೆ ಮಾದರಿಯಲ್ಲಿ ನಡುಮಧ್ಯಾಹ್ನವೇ ಬಂದಿರುತ್ತದೆ. ಸೂತ್ರವನ್ನು ಬದಿಗಿಟ್ಟು ಮೋಡವೇ ಮೂಡುವಷ್ಟು ಸಣ್ಣ ಚೌಕ ಇಟ್ಟರೆ ಈ ಹೊತ್ತು ತಿದ್ದಿಕೊಳ್ಳುತ್ತದೆ. ಬ್ರಿಟನ್ನಿನ ಹವಾಮಾನ ಕಚೇರಿ ಇಡೀ ಆಫ್ರಿಕಾ ಖಂಡಕ್ಕೆ 4.5 ಕಿಲೋಮೀಟರ್ ಚೌಕದಲ್ಲಿ ಹತ್ತು ವರ್ಷಗಳ ಲೆಕ್ಕ ಮಾಡಿದಾಗ ಹೀಗೆಯೇ ಆಯಿತು.

ಅಂಥ ಮಾದರಿಯನ್ನು ಪರೀಕ್ಷಿಸಲು ದಿನಕ್ಕೊಂದು ಅಂಕಿ ಸಾಲದು, ಗಂಟೆಗಂಟೆಯ ಮಳೆ ಬೇಕು. ಕರ್ನಾಟಕ ಇಲ್ಲಿ ಅದೃಷ್ಟಶಾಲಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನಿಲ್ಲಿಸಿರುವ 6,000ಕ್ಕೂ ಹೆಚ್ಚು ಸ್ವಯಂಚಾಲಿತ ಮಾಪಕಗಳು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅವುಗಳ ವಯಸ್ಸು ಮಾತ್ರ ಚಿಕ್ಕದು.

ಹಳೆಯ ಕಾಲದ್ದು ಬೇಕಾದರೆ ಕೊಡಗಿಗೆ ಹೋಗಬೇಕು. ಕಾಫಿ ತೋಟದ ಮನೆಗಳಲ್ಲಿ ತಲೆಮಾರುಗಳಿಂದ ಬರೆದಿಟ್ಟ ಮಳೆ ಪುಸ್ತಕಗಳಿವೆ. ಅಲ್ಲಿನ ಲೆಕ್ಕ ಇಂದಿಗೂ ಇಂಚು ಮತ್ತು ಸೆಂಟ್ಸ್. ನೂರು ಸೆಂಟ್ಸ್ ಕೂಡಿದರೆ ಒಂದಿಂಚು. ಬೇಸಗೆಯ ಆರಂಭದ ಹೂಮಳೆಗಾಗಿ ಕಾಯುವ ಬೆಳೆಗಾರರಿಗೆ ಒಂದು ತೋಟಕ್ಕೆ ಬಿದ್ದದ್ದು ಪಕ್ಕದ ತೋಟಕ್ಕೆ ಬೀಳುವುದಿಲ್ಲವೆಂದು ಚೆನ್ನಾಗಿ ಗೊತ್ತು. ಐವತ್ತು ಕಿಲೋಮೀಟರಿನ ಚೌಕಕ್ಕೆ ಹೂಮಳೆ ಎಂಬುದೇ ಗೊತ್ತಿಲ್ಲ. ನಾಲ್ಕು ಕಿಲೋಮೀಟರಿನ ಚೌಕಕ್ಕೆ ಗೊತ್ತಾಗಬಹುದು. ಗೊತ್ತಾಯಿತೇ ಎಂದು ನೋಡುವ ದಿನ, ಅಂಕಿಗಳನ್ನು ಪಕ್ಕದಲ್ಲಿಟ್ಟು ಹೋಲಿಸಲು ಆ ಪುಸ್ತಕಗಳು ಗೆದ್ದಲು ಹಿಡಿಯದೆ ಉಳಿದಿರಬೇಕು.