ಚೀನಾದಲ್ಲಿ ಸಾರು, ಜಪಾನಿನಲ್ಲಿ ಸ್ನಾನದ ನೀರು

ಜಪಾನಿನ ಸಾರ್ವಜನಿಕ ಸ್ನಾನದ ಮನೆಗೆ ‘ಸೆಂತೋ’ ಅಂತ ಹೆಸರು. ಗಂಡಸರಿಗೊಂದು ಬಾಗಿಲು, ಹೆಂಗಸರಿಗೊಂದು. ಬಾಗಿಲಿಗೆ ಬಟ್ಟೆಯ ಪರದೆ, ಅದರ ಮೇಲೆ ಚೀನೀ ಲಿಪಿಯ ಅಕ್ಷರಗಳು. ಹೆಂಗಸರ ಪರದೆಯನ್ನು ಜಪಾನಿಯರು ‘ಒನ್ನಯು’ ಎಂದು ಓದುತ್ತಾರೆ, ಹೆಂಗಸರ ಬಿಸಿನೀರು. ಜಪಾನೀ ಬಾರದ ಚೀನೀ ಪ್ರವಾಸಿ ಅದನ್ನೇ ಓದಿದರೆ ‘ಹೆಂಗಸರ ಸಾರು’ ಆಗುತ್ತದೆ!

ಸಾರು ಎಂದು ಓದಿಸಿಕೊಂಡ ಆ ಅಕ್ಷರವನ್ನು ಚೀನಾದಲ್ಲಿ ‘ಥಾಂಗ್’ ಅನ್ನುತ್ತಾರೆ. ಎಡಕ್ಕೆ ಮೂರು ಹನಿ. ಅಂದರೆ ನೀರಿಗೆ ಸಂಬಂಧಪಟ್ಟದ್ದು. ಬಲಕ್ಕೆ ಮೇಲೊಂದು ಸೂರ್ಯ, ಕೆಳಗೆ ಓರೆ ಗೆರೆಗಳು. ನೀರಿನ ಮೇಲೆ ಬಿಸಿಲು ಬಿದ್ದರೆ ಬಿಸಿನೀರು, ಎಷ್ಟು ಚೆಂದದ ಕಥೆ ಅಲ್ವಾ? ಆದರೆ ಬಲಭಾಗದ ಮುಖ್ಯ ಕೆಲಸ ಉಚ್ಚಾರಣೆಯನ್ನು ಸೂಚಿಸುವುದು. ಕರುಳು ಎಂಬ ಅರ್ಥದ ‘ಛಾಂಗ್’ ಅಕ್ಷರದಲ್ಲೂ ಇದೇ ಭಾಗ ಇದೆ. ಕರುಳಿಗೂ ಬಿಸಿಲಿಗೂ ಏನು ಸಂಬಂಧ? ಚೀನೀ ಅಕ್ಷರಗಳಲ್ಲಿ ಹೆಚ್ಚಿನವು ಹೀಗೇ, ಅರ್ಧ ಅರ್ಥಕ್ಕೆ, ಅರ್ಧ ಸದ್ದಿಗೆ. 1956ರ ಲಿಪಿ ಸುಧಾರಣೆಯಲ್ಲಿ ಚೀನಾ ‘ಥಾಂಗ್’ ಅಕ್ಷರದ 12 ಗೆರೆಗಳನ್ನು 6ಕ್ಕೆ ಇಳಿಸಿತು. ಸೂರ್ಯ ಹೊರಟೇ ಹೋದ.

ಹಾಗಾದರೆ ಯಾರ ಅರ್ಥ ಸರಿ? ಸುಮಾರು ಕ್ರಿ.ಶ. 100ರಲ್ಲಿ ಚೀನೀ ವಿದ್ವಾಂಸ ಶು ಷೆನ್ ಬರೆದ ನಿಘಂಟಿನಲ್ಲಿ ಈ ಅಕ್ಷರಕ್ಕೆ ಕೊಟ್ಟ ಅರ್ಥ ಇಷ್ಟೇ: ‘ಬಿಸಿನೀರು’. ಕೆಟ್ಟದ್ದನ್ನು ಕಂಡರೆ ಕುದಿಯುವ ನೀರಿಗೆ ಕೈ ಹಾಕಿದವರಂತೆ ಹಿಂದೆ ಸರಿಯಬೇಕು ಎಂಬ ಕನ್ಫ್ಯೂಷಿಯಸ್‌ನ ಮಾತಿನಲ್ಲೂ ಇರುವುದು ಇದೇ ಅಕ್ಷರ. ಚೀನಾದ ಶಿಯಾನ್ ನಗರದ ಪಕ್ಕದ ಹುವಾಚಿಂಗ್ ಅರಮನೆಯಲ್ಲಿ 8ನೇ ಶತಮಾನದ ರಾಜಮನೆತನ ಮಿಂದ ಬಿಸಿನೀರ ಕೊಳಗಳೂ ‘ಥಾಂಗ್’ಗಳೇ. ಅರ್ಥ ಬದಲಾಗಿದ್ದು ತವರಿನಲ್ಲಿ. ಹಳೆಯದನ್ನು ಜೋಪಾನ ಮಾಡಿದ್ದು ಎರವಲು ಪಡೆದ ಜಪಾನ್.

ಜಪಾನಿಗೆ ಅದು ಸುಲಭವೂ ಆಗಿತ್ತು. ಅಲ್ಲಿ ತಣ್ಣೀರು ‘ಮಿಜು’, ಬಿಸಿನೀರು ‘ಯು’. ಎರಡೂ ಬೇರೆ ಬೇರೆ ಪದ. ತಮ್ಮ ‘ಯು’ಗೆ ಈ ಅಕ್ಷರವನ್ನು ತೊಡಿಸಿದರು. ಚೀನಾದಿಂದ ಬಂದ ಉಚ್ಚಾರಣೆಯೂ ಉಳಿಯಿತು, ಆದರೆ ಕೊನೆಯ ‘ಂಗ್’ ಸವೆದು ‘ತೋ’ ಆಯಿತು. ಸೆಂತೋದ ‘ತೋ’ ಇದೇ. ಕಾಸು ಕೊಟ್ಟು ಮೀಯುವ ಬಿಸಿನೀರು ಅಂತ ಅರ್ಥ.

ಬಿಸಿನೀರು ಸಾರಾಗುವ ದಾರಿಯಲ್ಲಿ ಕಷಾಯವೂ ಸಿಗುತ್ತದೆ. ನೀರಿಗೆ ಬೇರು, ಶುಂಠಿ ಹಾಕಿ ಕುದಿಸಿದ್ದೂ ಥಾಂಗ್, ಮಾಂಸ, ತರಕಾರಿ ಹಾಕಿ ಕುದಿಸಿದ್ದೂ ಥಾಂಗ್. ಸುಮಾರು 1,800 ವರ್ಷ ಹಿಂದೆ ವೈದ್ಯ ಜಾಂಗ್ ಜೋಂಗ್‌ಜಿಂಗ್ ಬರೆದಿಟ್ಟ ‘ಗಗನ್‌ಥಾಂಗ್’ ಎಂಬ ಕಷಾಯವನ್ನು ಜಪಾನಿನ ಔಷಧಿ ಅಂಗಡಿಗಳು ಇವತ್ತಿಗೂ ನೆಗಡಿಗೆ ‘ಕಕ್ಕೊಂತೋ’ ಎಂದು ಮಾರುತ್ತವೆ. ಈಗ ಅದು ಜಾಸ್ತಿ ಪುಡಿ ರೂಪದಲ್ಲೇ ಸಿಗುತ್ತದೆ, ಹೆಸರು ಮಾತ್ರ ಇನ್ನೂ ಕಷಾಯ. ವಿಯೆಟ್ನಾಮಿನಲ್ಲಿ ‘ಥಾಂಗ್’ ಅಂದರೆ ಒಂದು ಸಲ ಕುದಿಸಲು ಕಟ್ಟಿಕೊಡುವ ಮೂಲಿಕೆಗಳ ಪೊಟ್ಟಣ.

ನನಗೆ ಇಷ್ಟವಾದದ್ದು ಕೊರಿಯಾ. ಕೋಳಿ, ಜಿನ್‌ಸೆಂಗ್ ಎಂಬ ಔಷಧಿ ಬೇರು ಹಾಕಿದ ‘ಸಮ್‌ಗ್ಯೆಥಾಂಗ್’ ಒಂದು ಸಾರು. ‘ಮೊಗ್ಯೊಕ್‌ಥಾಂಗ್’ ಸ್ನಾನದ ಮನೆ. ಅಲ್ಲಿ ಬೆಚ್ಚನೆ ತೊಟ್ಟಿ ‘ಒನ್‌ಥಾಂಗ್’, ತಣ್ಣೀರಿನ ತೊಟ್ಟಿ ‘ನೆಂಗ್‌ಥಾಂಗ್’. ಬಿಡಿಸಿದರೆ ತಣ್ಣನೆಯ ಬಿಸಿನೀರು! ಕೊರಿಯನ್ನರು ಇದಕ್ಕೆ ಸುಮ್ನೆ ತಲೆ ಕೆಡಿಸಿಕೊಳ್ಳುವುದಿಲ್ಲ.

1895ರಿಂದ 1945ರವರೆಗೆ ತೈವಾನ್ ಜಪಾನಿನ ಕೈಯಲ್ಲಿತ್ತು. ಬಿಸಿನೀರ ಬುಗ್ಗೆಯಲ್ಲಿ ಮೀಯುವ ಅಭ್ಯಾಸ ಅಲ್ಲಿ ಬಲವಾಗಿ ಬೇರೂರಿತು. ಬುಗ್ಗೆಗಳಿಗೆ ಹೆಸರಾದ ಬೆಯ್ತೋ ಇರುವ ಆ ದ್ವೀಪದಲ್ಲಿ ಈಗ ಇದಕ್ಕೆ ‘ಪಾವ್‌ಥಾಂಗ್’ ಅನ್ನುತ್ತಾರೆ. ಹಾಕಿಕೊಂಡ ಯೋಜನೆ ಕೈಕೊಟ್ಟಿತು ಅನ್ನಲೂ ಚೀನೀ ಭಾಷೆಯಲ್ಲಿ ಬಳಸುವುದು ಇದೇ ಪದ.