ಮಹಮೂದ್ ಗವಾನನನ್ನು ಯಾಕೆ ಕೊಂದರು?

ಬೀದರಿನ ಮದರಸಾ ನೋಡಿ ಬಂದವರು ಕೇಳುವ ಪ್ರಶ್ನೆ ಇದು. ಅಂಥ ಕಟ್ಟಡ ಕಟ್ಟಿಸಿದ ಬಹಮನಿ ರಾಜ್ಯದ ಮಂತ್ರಿಯ ತಲೆಯನ್ನು ಅವನ ಸುಲ್ತಾನನೇ ಯಾಕೆ ತೆಗೆಸಿದ? ನಿಜವಾಗಿ ದ್ರೋಹ ಮಾಡಿದ್ದನಾ?

ಇಲ್ಲ. ಖೋಟಾ ಪತ್ರವೊಂದನ್ನು ಮುಂದಿಟ್ಟು ಕೊಂದರು. ಆದರೆ ಪತ್ರ ಬರೀ ನೆಪ, ದ್ವೇಷ ಹುಟ್ಟಿದ್ದು ಕೋಟೆಗಳ ವಿಷಯಕ್ಕೆ.

ಗವಾನ್ ಪರ್ಷಿಯಾದ ಗೀಲಾನಿನವನು. ದೊಡ್ಡ ಮನೆತನ, ಅಲ್ಲಿನ ಅರಮನೆಯ ಒಳಜಗಳದಿಂದ ಊರು ಬಿಟ್ಟ. ವ್ಯಾಪಾರಿಯಾಗಿ 1453ರಲ್ಲಿ ದಾಭೋಳ ಬಂದರಿಗೆ ಇಳಿದು ಬೀದರ್ ಸೇರಿದ. ಆಗ ವಯಸ್ಸು ನಲವತ್ತು ದಾಟಿತ್ತು! ಸುಲ್ತಾನ ಅವನನ್ನು ಅಲ್ಲೇ ಉಳಿಸಿಕೊಂಡ. ನಲ್ಗೊಂಡದ ದಂಗೆ ಅಡಗಿಸಿದ, ಎಳೆಯ ಸುಲ್ತಾನರ ಕಾಲದಲ್ಲಿ ರಾಜಮಾತೆಯ ಜೊತೆ ರಾಜ್ಯ ನಡೆಸಿದ, ಆಮೇಲೆ ಪ್ರಧಾನಿಯಾದ. 1472ರಲ್ಲಿ ವಿಜಯನಗರದ ಕೈಯಿಂದ ಗೋವಾ ಕಿತ್ತುಕೊಂಡ. ಪುಸ್ತಕಪ್ರೇಮಿ ಅಂತ ಸುಮ್ನೆ ಸಾಧು ಮಾಡಿಬಿಡಬೇಡಿ, ಕೊಂಕಣದಲ್ಲಿ ಅವನ ಯುದ್ಧಗಳು ಮೆತ್ತಗಿರಲಿಲ್ಲ.

ಈಗ ಕೋಟೆಗಳಿಗೆ ಬರೋಣ. ಬಹಮನಿ ರಾಜ್ಯದಲ್ಲಿ ನಾಲ್ಕು ಪ್ರಾಂತ್ಯಗಳಿದ್ದವು, 'ತರಫ್' ಅನ್ನುತ್ತಿದ್ದರು. ಒಂದೊಂದರ ತರಫದಾರನೂ ಹೆಚ್ಚುಕಡಿಮೆ ಚಿಕ್ಕ ಸುಲ್ತಾನನೇ. ಗವಾನ್ ನಾಲ್ಕನ್ನು ಎಂಟು ಮಾಡಿದ. ತರಫದಾರನ ಕೈಯಲ್ಲಿ ಒಂದೇ ಕೋಟೆ, ಉಳಿದವಕ್ಕೆ ಬೀದರಿನಿಂದಲೇ ಕಿಲ್ಲೇದಾರರು, ಅಂದರೆ ಕೋಟೆ ನೋಡಿಕೊಳ್ಳುವ ಅಧಿಕಾರಿಗಳು, ಬರುತ್ತಾರೆ ಅಂದ. ಜಮೀನು ಅಳೆಸಿದ. ಸೈನಿಕರ ಸಂಬಳ ಏರಿಸಿದ, ಆದರೆ ಲೆಕ್ಕದಲ್ಲಿ ತೋರಿಸಿದಷ್ಟು ಜನರನ್ನು ಇಟ್ಟುಕೊಳ್ಳದ ಸರದಾರರು ಉಳಿದ ಹಣ ವಾಪಸ್ ಕೊಡಬೇಕಾಯಿತು. ಯಾರಿಗೆ ಹೊಟ್ಟೆ ಉರಿಯಲ್ಲ ಹೇಳಿ? ಗುಲ್ಬರ್ಗ ಒಡೆದು ಎರಡಾಯಿತು, ತೆಲಂಗಾಣವೂ ಎರಡಾಯಿತು. ಆ ತೆಲಂಗಾಣ ಮಲಿಕ್ ಹಸನನ ಕೈಯಲ್ಲಿತ್ತು, ಅವನು ದಖ್ಖನಿ ಗುಂಪಿನ ಮುಖಂಡ. ಇಲ್ಲೇ ಬೇರೂರಿದ ದಖ್ಖನಿಗಳಿಗೂ ಪರ್ಷಿಯಾ ಕಡೆಯಿಂದ ಬಂದ ಆಫಾಕಿಗಳಿಗೂ ಮೊದಲಿಂದಲೇ ಆಗುತ್ತಿರಲಿಲ್ಲ. ಗವಾನ್ ಎರಡೂ ಕಡೆಯವರಿಗೆ ಹುದ್ದೆ ಹಂಚಿದ್ದ ನಿಜ, ಆದರೆ ಗುಲ್ಬರ್ಗದಿಂದ ಒಡೆದ ಬಿಜಾಪುರವನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದ. ನನಗೇನೋ ಅದು ಅವನ ಎಡವಟ್ಟು ಅನ್ನಿಸುತ್ತದೆ.

ಮುಂದಿನದು ಇತಿಹಾಸಕಾರ ಫೆರಿಷ್ತಾ ಬರೆದಿಟ್ಟ ಕಥೆ. ವಿರೋಧಿಗಳು ಗವಾನನ ಮುದ್ರೆ ಕಾಯುವ ಗುಲಾಮನಿಗೆ ಕುಡಿಸಿ ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಅಂತ ಗವಾನನೇ ಕರೆದ ಹಾಗೆ ಅದರಲ್ಲಿ ಬರೆದರು. ಆಗ ಸುಲ್ತಾನ ಮೂರನೇ ಮುಹಮ್ಮದ್ ಕೊಂಡಪಲ್ಲಿಯ ಪಾಳೆಯದಲ್ಲಿದ್ದ. ಹೋಗಬೇಡ ಅಂತ ಸ್ನೇಹಿತರು ಎಷ್ಟು ಹೇಳಿದರೂ ಮುದುಕ ಕೇಳಲಿಲ್ಲ, ಹೋದ. ಮುದ್ರೆ ನನ್ನದೇ, ಪತ್ರ ನನ್ನದಲ್ಲ ಅಂದ. ಕುಡಿದ ಅಮಲಿನಲ್ಲಿದ್ದ ಸುಲ್ತಾನ ವಿಚಾರಣೆ ಗಿಚಾರಣೆ ಏನೂ ಇಲ್ಲದೆ ಕಡಿಯಲು ಹೇಳಿ ಎದ್ದು ಹೋದ. 1481ರ ಏಪ್ರಿಲ್ 5.

ಆಮೇಲೆ ಅವನ ಖಜಾನೆ ತೆಗೆಸಿ ನೋಡಿದರೆ ಹೆಚ್ಚೇನೂ ಸಿಗಲಿಲ್ಲವಂತೆ. ಪಶ್ಚಾತ್ತಾಪಪಟ್ಟ ಸುಲ್ತಾನ ಒಂದು ವರ್ಷದೊಳಗೇ ಸತ್ತ. ಆಡಳಿತ ಮಲಿಕ್ ಹಸನನ ಕೈಗೆ ಬಂತು, ಕೆಲವೇ ವರ್ಷಗಳಲ್ಲಿ ಅವನನ್ನೂ ಕೊಂದರು. ಅವನ ಮಗ ಅಹ್ಮದ್‌ನಗರದ ಸುಲ್ತಾನನಾದ, ಗವಾನ್ ಬೆಳೆಸಿದ ಯೂಸುಫ್ ಆದಿಲ್ ಖಾನ್ ಬಿಜಾಪುರ ಹಿಡಿದ. ತರಫದಾರರಿಗೆ ಬೇಕಿದ್ದ ಕೋಟೆಗಳೆಲ್ಲ ಸಿಕ್ಕವು, ಬೀದರಿನ ಸುಲ್ತಾನನಿಗೆ ಹೆಸರು ಮಾತ್ರ ಉಳಿಯಿತು.