ಪದ ಪರಿಚಯ: ಬನಾನಾಸ್ ಫಾಸ್ಟರ್

ಬೆಣ್ಣೆ ಮತ್ತು ಕಂದು ಸಕ್ಕರೆಯ ಪಾಕದಲ್ಲಿ ಬಾಳೆಹಣ್ಣು ಬಾಡಿಸಿ, ರಮ್ ಸುರಿದು ಬೆಂಕಿ ಹೊತ್ತಿಸಿ, ಉರಿ ಆರಿದ ಕೂಡಲೇ ವೆನಿಲಾ ಐಸ್‌ಕ್ರೀಮ್ ಮೇಲೆ ಬಿಸಿಬಿಸಿಯಾಗಿ ಹಾಕಿಕೊಡುವ ಸಿಹಿಯೇ ಬನಾನಾಸ್ ಫಾಸ್ಟರ್. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬ್ರೆನ್ನನ್ಸ್ ರೆಸ್ಟೋರೆಂಟಿನಲ್ಲಿ 1951ರಲ್ಲಿ ಹುಟ್ಟಿದ್ದು. ಮಧ್ಯ ಮತ್ತು ದಕ್ಷಿಣ ಅಮೆರಿಕದ ಬಾಳೆಹಣ್ಣು ಆಗ ಆ ಬಂದರಿನಲ್ಲಿ ಹೇರಳವಾಗಿ ಇಳಿಯುತ್ತಿತ್ತು. ಅದರಿಂದ ಹೊಸದೇನಾದರೂ ಆಗಬೇಕೆಂದು ಮಾಲೀಕ ಓವನ್ ಬ್ರೆನ್ನನ್ ಬಯಸಿದರು, ಬಾಣಸಿಗ ಪಾಲ್ ಬ್ಲಾಂಜೆ ಮಾಡಿಕೊಟ್ಟರು. ಹೆಸರಿನಲ್ಲಿರುವ ಫಾಸ್ಟರ್, ಓವನ್ ಅವರ ಗೆಳೆಯ ರಿಚರ್ಡ್ ಫಾಸ್ಟರ್. ನಗರದ ಅಪರಾಧ ತಡೆ ಆಯೋಗದ ಅಧ್ಯಕ್ಷರಾಗಿದ್ದವರು.

ಇದರ ಸಾಸನ್ನು ಎಲ್ಲರೂ ಕ್ಯಾರಮೆಲ್ ಎನ್ನುತ್ತಾರೆ. ನಿಜವಾದ ಕ್ಯಾರಮೆಲ್‌ನಲ್ಲಿ ಬಿಳಿ ಸಕ್ಕರೆ 160 ಡಿಗ್ರಿ ಸೆಲ್ಸಿಯಸ್ ದಾಟಿ ಕಾದು, ಕೆಂಪಾಗಿ, ತುಸು ಕಹಿ ಹಿಡಿಯಬೇಕು. ಇಲ್ಲಿ ಅಷ್ಟು ಕಾಯಿಸುವುದೇ ಇಲ್ಲ. ಬಣ್ಣ ಕಂದು ಸಕ್ಕರೆಯೊಳಗಿನ ಕಾಕಂಬಿಯದು. ಹಾಗಾಗಿ ಬಣ್ಣ ನೋಡಿ ಹದ ಹೇಳಲಾಗದು. ಚಮಚ ಎತ್ತಿದಾಗ ಪಾಕ ಹರಳು ಹರಳಾಗಿರದೆ ನುಣ್ಣಗೆ ಇಳಿಯಬೇಕು, ಅದೇ ಗುರುತು.

ನಾಲ್ಕು ಜನಕ್ಕೆ ಮೂಲ ಅಳತೆ: ಬೆಣ್ಣೆ 60 ಗ್ರಾಂ, ಕಂದು ಸಕ್ಕರೆ 200 ಗ್ರಾಂ, ದಾಲ್ಚಿನ್ನಿ ಪುಡಿ ಅರ್ಧ ಟೀ ಚಮಚ, ಬಾಳೆಹಣ್ಣಿನ ಲಿಕ್ಯೂರ್ (ಹಣ್ಣಿನ ಸ್ವಾದದ ಸಿಹಿ ಮದ್ಯ) 60 ಮಿ.ಲೀ., ಡಾರ್ಕ್ ರಮ್ 60 ಮಿ.ಲೀ., ಬಾಳೆಹಣ್ಣು 4. ಸಕ್ಕರೆ 150 ಗ್ರಾಂ ಸಾಕು. ಐಸ್‌ಕ್ರೀಮ್ ಬೇರೆ ಸಿಹಿ ಇರುತ್ತದಲ್ಲ. ಅಗಲ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಣ್ಣೆ, ಸಕ್ಕರೆ, ದಾಲ್ಚಿನ್ನಿ ಕರಗಿಸಿ. ಮೊದಲು ಒದ್ದೆ ಮರಳಿನಂತೆ ಕಾಣುತ್ತದೆ, ಲಿಕ್ಯೂರ್ ಬಿದ್ದ ಮೇಲೆ ಸಾಸ್ ಆಗುತ್ತದೆ. ಉದ್ದಕ್ಕೆ ಸೀಳಿ ಅಡ್ಡಕ್ಕೆ ಒಮ್ಮೆ ಕತ್ತರಿಸಿದ ಹಣ್ಣನ್ನು ಹಾಕಿ, ಒಂದೊಂದು ಮಗ್ಗುಲು ಒಂದೊಂದು ನಿಮಿಷ ಬಿಡಿ.

ಹೆಚ್ಚಿನವರು ಎಡವುವುದು ಹಣ್ಣಿನ ಆಯ್ಕೆಯಲ್ಲಿ. ಪಚ್ಚಬಾಳೆ ಸರಿಯಾದದ್ದು, ಅದೂ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡುವ ಮುಂಚೆ. ಚೆನ್ನಾಗಿ ಕಳಿತದ್ದು ರಸಾಯನವಾಗಿಬಿಡುತ್ತದೆ. ಏಲಕ್ಕಿ ಬಾಳೆ ರುಚಿಯೇನೋ ಹೌದು, ಆದರೆ ಬಿಸಿಗೆ ನಿಲ್ಲದು. ನೇಂದ್ರ ಗಟ್ಟಿ, ಒಂದೆರಡು ನಿಮಿಷ ಹೆಚ್ಚು ಬೇಕು.

ರಮ್ ಕೊನೆಗೆ. ಮೊದಲೇ ಹಾಕಿ ಕುದಿಸಿದರೆ ಮದ್ಯಸಾರ ಆವಿಯಾಗಿ ಬೆಂಕಿ ಹತ್ತುವುದಿಲ್ಲ, ತಣ್ಣಗಿದ್ದರೂ ಹತ್ತದು. ನಮ್ಮಲ್ಲಿ ಸಿಗುವ 42.8 ಶೇಕಡಾದ ರಮ್ ಸಾಕು. ಬಾಟಲಿಯಿಂದ ನೇರವಾಗಿ ಸುರಿಯಲೇಬೇಡಿ, ಜ್ವಾಲೆ ಬಾಟಲಿಗೆ ಹಿಂತಿರುಗಬಹುದು. ಲೋಟದಲ್ಲಿ ಅಳೆದಿಟ್ಟು, ಚಿಮಣಿ ಫ್ಯಾನ್ ನಿಲ್ಲಿಸಿ, ಬಾಣಲೆಯನ್ನು ಒಲೆಯಿಂದ ಇಳಿಸಿ ಸುರಿದು, ಉದ್ದ ಹಿಡಿಯ ಲೈಟರ್‌ನಿಂದ ಅಂಚಿನಲ್ಲಿ ಹಚ್ಚಿ. ಉರಿ ತಾನಾಗಿ ಆರುತ್ತದೆ. ಹಾಗೆಂದು ಮದ್ಯವೆಲ್ಲ ಹೋಯಿತೆಂದು ಮಕ್ಕಳಿಗೆ ಬಡಿಸಬೇಡಿ, ದೊಡ್ಡ ಪಾಲು ಸಾಸಿನಲ್ಲೇ ಉಳಿಯುತ್ತದೆ. ಬೆಂಕಿ ಬಹುಮಟ್ಟಿಗೆ ಮೇಜಿನ ಪಕ್ಕದ ಪ್ರದರ್ಶನವೇ.

ಮದ್ಯ ಬೇಡದಿದ್ದರೆ ಈ ತಿನಿಸಿಗೆ ನಿಜವಾದ ಕ್ಯಾರಮೆಲ್ ಮಾಡಿಕೊಳ್ಳುವುದೇ ಒಳ್ಳೆಯದು, ರಮ್ಮಿನ ಖಾರ ಇಲ್ಲದ ಕಡೆ ಆ ಕಹಿ ಬೇಕಾಗುತ್ತದೆ. 150 ಗ್ರಾಂ ಬಿಳಿ ಸಕ್ಕರೆಯನ್ನು ದಪ್ಪ ತಳದ ಪಾತ್ರೆಯಲ್ಲಿ ನೀರಿಲ್ಲದೆ ಕರಗಿಸಿ. ಚಮಚದಿಂದ ಕೆದಕಿದರೆ ಗಂಟು ಕಟ್ಟುತ್ತದೆ, ಪಾತ್ರೆಯನ್ನೇ ಅಲುಗಾಡಿಸಿ. ಗಾಢ ಜೇನಿನ ಬಣ್ಣ ಬಂದೊಡನೆ ಉರಿ ಆರಿಸಿ. ಪಾತ್ರೆಯ ಬಿಸಿಗೇ ಇನ್ನೂ ಕೆಂಪಾಗುತ್ತದೆ, ಹೊಗೆ ಬಂದರೆ ಕೆಟ್ಟಿತು. 60 ಗ್ರಾಂ ಬೆಣ್ಣೆ, ಆಮೇಲೆ 100 ಮಿ.ಲೀ. ಬೆಚ್ಚಗಿನ ಕ್ರೀಮ್ ಸ್ವಲ್ಪ ಸ್ವಲ್ಪವಾಗಿ ಹಾಕಿ. ಬುಸ್ಸೆಂದು ಉಕ್ಕುತ್ತದೆ, ಪಾತ್ರೆ ಆಳವಿರಲಿ. ಕ್ರೀಮ್ ತಣ್ಣಗಿದ್ದು ಸಕ್ಕರೆ ಗಟ್ಟಿಯಾದರೆ ಎಸೆಯಬೇಕಿಲ್ಲ, ಸಣ್ಣ ಉರಿಯಲ್ಲಿಟ್ಟರೆ ಮತ್ತೆ ಕರಗುತ್ತದೆ. ಒಂದು ಚಿಟಿಕೆ ಉಪ್ಪು ಇರಲಿ. ಹಣ್ಣನ್ನು ಬೇರೆ ಬಾಣಲೆಯಲ್ಲಿ ಒಂದು ಚಮಚ ಬೆಣ್ಣೆಯಲ್ಲಿ ಬಾಡಿಸಿ ಇದಕ್ಕೆ ಸೇರಿಸಿ.

ಐಸ್‌ಕ್ರೀಮನ್ನು ಬಟ್ಟಲುಗಳಿಗೆ ಮೊದಲೇ ಹಾಕಿ, ಬಟ್ಟಲು ಸಮೇತ ಫ್ರೀಜರ್‌ನಲ್ಲಿಡಿ. ಇಲ್ಲದಿದ್ದರೆ ಬಿಸಿ ಸಾಸ್ ಬಿದ್ದ ಕ್ಷಣವೇ ಹಾಲಾಗುತ್ತದೆ. ಉಳಿದ ಸಾಸ್ ಫ್ರಿಜ್‌ನಲ್ಲಿ ಗಟ್ಟಿಯಾದರೆ ಒಂದು ಚಮಚ ನೀರು ಬೆರೆಸಿ ಬಿಸಿ ಮಾಡಿ. ಹಣ್ಣು ಮಾತ್ರ ಆಗಿಂದಾಗಲೇ ಖಾಲಿಯಾಗಬೇಕು.